ಅನುದಾನ ಎಂದರೆ ತಾರೀಕುಗಳ ಲೆಕ್ಕ: ಕಾಲೇಜು ಇನ್‌ಕ್ಯುಬೇಟರ್ ಕಟ್ಟಿದ ನನ್ನ ಅನುಭವ

ಅನುದಾನದ ಅರ್ಜಿ ಬರೆಯುವುದು ಹೇಗೆ ಎಂದು ವಿಚಾರಿಸಿಕೊಂಡು ಬರುವ ಕಾಲೇಜಿನವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಇನ್‌ಕ್ಯುಬೇಟರ್‌ಗೆ, ಅಂದರೆ ನವೋದ್ಯಮಗಳಿಗೆ ಜಾಗ, ಮಾರ್ಗದರ್ಶನ ಕೊಟ್ಟು ಬೆಳೆಸುವ ಕೇಂದ್ರಕ್ಕೆ, ಸ್ವಂತ ಪ್ಯಾನ್ ಕಾರ್ಡ್ ಇದೆಯೇ? ಹೆಚ್ಚಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕಟ್ಟಡ ಇರುತ್ತದೆ, ಗೋಡೆಯ ಮೇಲೆ ಬಲ್ಬಿನ ಚಿತ್ರ ಇರುತ್ತದೆ, ಗಣ್ಯರ ಹೆಸರು ಕೆತ್ತಿದ ಉದ್ಘಾಟನೆಯ ಕಲ್ಲೂ ಇರುತ್ತದೆ. ಕಾನೂನಿನ ಕಣ್ಣಿಗೆ ಮಾತ್ರ ಅದು ಕಾಲೇಜಿನ ಮತ್ತೊಂದು ಕೊಠಡಿ.

ಮಂಗಳೂರಿನ ಹೊರವಲಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕನಾಗಿದ್ದೆ. ನಮ್ಮ ಆಡಳಿತ ಮಂಡಳಿಗೆ ಇನ್‌ಕ್ಯುಬೇಟರ್ ಬೇಕೆನಿಸುವ ಹೊತ್ತಿಗೆ ಅಕ್ಕಪಕ್ಕದವರು ಬಹಳ ಮುಂದೆ ಹೋಗಿದ್ದರು. ಸುರತ್ಕಲ್‌ನ ಎನ್‌ಐಟಿಕೆ ಕಾಲೇಜಿನಲ್ಲಿ, ಅದಕ್ಕೆ ಕೆಆರ್‌ಇಸಿ ಎಂಬ ಹೆಸರಿದ್ದ ಕಾಲದಲ್ಲೇ, ಸ್ಟೆಪ್ ಎಂಬ ವಿಜ್ಞಾನ ಮತ್ತು ತಂತ್ರಜ್ಞಾನ ಉದ್ಯಮಿಗಳ ಪಾರ್ಕ್ ಇತ್ತು. ಮಣಿಪಾಲದಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ ಇನ್‌ಕ್ಯುಬೇಟರ್ ಇತ್ತು, ನಿಟ್ಟೆಯಲ್ಲಿ ಅಟಲ್ ಇನ್‌ಕ್ಯುಬೇಶನ್ ಕೇಂದ್ರ. ಅವರಲ್ಲಿರುವ ಯಂತ್ರಗಳ ಪಟ್ಟಿ ಮಾಡಿಕೊಂಡು ಬರುವಂತೆ ನನಗೆ ಸೂಚನೆಯಾಯಿತು. ನಾನು ಯಂತ್ರಗಳಿಗಿಂತ ಹೆಚ್ಚಾಗಿ ಅವರ ನೋಂದಣಿ ಪತ್ರಗಳ ಬಗ್ಗೆ ಕೇಳಿಕೊಂಡು ಬಂದೆ.

ನಮ್ಮ ಕಣ್ಣಿದ್ದದ್ದು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ ಯೋಜನೆಯ ಮೇಲೆ. ಅದಕ್ಕೆ ಕೇಂದ್ರ ಸರ್ಕಾರ ಮೀಸಲಿಟ್ಟದ್ದು 945 ಕೋಟಿ ರೂಪಾಯಿ. ಆಯ್ಕೆಯಾದ ಒಂದು ಇನ್‌ಕ್ಯುಬೇಟರ್‌ಗೆ 5 ಕೋಟಿಯವರೆಗೆ ಸಿಗುತ್ತಿತ್ತು. ಅರ್ಜಿದಾರ ಸಂಸ್ಥೆ ಸೊಸೈಟಿ, ಟ್ರಸ್ಟ್, ಸೆಕ್ಷನ್ 8 ಕಂಪನಿ (ಲಾಭದ ಉದ್ದೇಶವಿಲ್ಲದ ಕಂಪನಿ) ಅಥವಾ ಶಾಸನಬದ್ಧ ಸಂಸ್ಥೆಯಾಗಿರಬೇಕು, ಕನಿಷ್ಠ 2 ವರ್ಷ ಕೆಲಸ ಮಾಡಿರಬೇಕು, 25 ಜನ ಕೂರುವಷ್ಟು ಜಾಗ ಇರಬೇಕು, 5 ನವೋದ್ಯಮಗಳು ಅಲ್ಲೇ ಇದ್ದು ಕೆಲಸ ಮಾಡುತ್ತಿರಬೇಕು, ಪೂರ್ಣಾವಧಿ ಮುಖ್ಯಸ್ಥರಿರಬೇಕು. ಹಿಂದೆ ಸರ್ಕಾರದ ನೆರವು ಪಡೆಯದ ಸಂಸ್ಥೆಯಾದರೆ 2 ವರ್ಷದ ಬದಲು 3 ವರ್ಷ, 5ರ ಬದಲು 10 ನವೋದ್ಯಮ. ಜೊತೆಗೆ ಹಿಂದಿನ 2 ವರ್ಷಗಳ ಲೆಕ್ಕಪರಿಶೋಧಿತ ವರದಿ.

ಇದನ್ನು ಓದಿದ ದಿನವೇ ನನಗೆ ಅರ್ಥವಾದದ್ದು, ಬರವಣಿಗೆ ಎಷ್ಟೇ ಚೆಂದವಿದ್ದರೂ ವಯಸ್ಸಾಗದ ಸಂಸ್ಥೆಗೆ ಹಣ ಬರುವುದಿಲ್ಲ ಎಂದು. ಹಾಗಾಗಿ ಯಂತ್ರ ಖರೀದಿಗೂ ಮೊದಲು ಸೆಕ್ಷನ್ 8 ಕಂಪನಿ ನೋಂದಾಯಿಸೋಣ ಎಂದೆ. ‘ನಮ್ಮದೇ ಟ್ರಸ್ಟ್ ಇರುವಾಗ ಇನ್ನೊಂದು ಕಂಪನಿ ಯಾಕೆ?’ ಎಂದು ಆಡಳಿತ ಮಂಡಳಿ ಕೇಳಿತು. ಉತ್ತರ ಕೊಟ್ಟವರು ನಮ್ಮ ಲೆಕ್ಕಪರಿಶೋಧಕರು. ‘ಮಾರಾಯರೇ, ಸರ್ಕಾರದ ದುಡ್ಡು ಬಂದು ನಿಮ್ಮ ಬಸ್ಸಿನ ಡೀಸೆಲ್ ಖಾತೆಯಲ್ಲಿ ಬೆರೆತರೆ ನಾಳೆ ಅದನ್ನು ಬೇರೆ ಮಾಡಿ ತೋರಿಸುವವರು ಯಾರು?’ ಸಭೆಯಲ್ಲಿ ನನ್ನ ಸ್ಲೈಡುಗಳು ಮಾಡದ ಕೆಲಸವನ್ನು ಆ ಡೀಸೆಲ್ ಮಾಡಿತು.

ಪೂರ್ಣಾವಧಿ ಮುಖ್ಯಸ್ಥ ಎಂಬ ಷರತ್ತಿಗಾಗಿ ನಾನು ಪಾಠ ಮಾಡುವುದನ್ನು ಬಿಟ್ಟೆ. ವಾರಕ್ಕೆರಡು ತರಗತಿಯನ್ನಾದರೂ ಇಟ್ಟುಕೊಳ್ಳಿ ಎಂದರು, ಒಪ್ಪಲಿಲ್ಲ. ಹೆಚ್ಚುವರಿ ಹೊಣೆ ಹೊತ್ತ ಪ್ರಾಧ್ಯಾಪಕರು ನಡೆಸುವ ಇನ್‌ಕ್ಯುಬೇಟರ್‌ಗಳು ಪರೀಕ್ಷೆಯ ತಿಂಗಳಲ್ಲಿ ಬಾಗಿಲು ಹಾಕುವುದನ್ನು ನಾನು ಕಂಡಿದ್ದೇನೆ. ಇನ್ನು ನಾವು ಮೊದಲು ನೇಮಿಸಿಕೊಂಡದ್ದು ಟ್ಯಾಲಿ ಬಲ್ಲ ಬಿ.ಕಾಂ. ಪದವೀಧರೆಯನ್ನು. ಕಾರ್ಯಕ್ರಮ ಸಂಯೋಜಕರು ಬಂದದ್ದು ಆಮೇಲೆ.

ಕಾಯುವ ವರ್ಷಗಳಲ್ಲಿ ಸಣ್ಣ ಹಣದ ಬೆನ್ನು ಹತ್ತಿದೆವು. ಬೆಂಗಳೂರಿನ ಹೊರಗಿನ ಕಾಲೇಜುಗಳಿಗಾಗಿಯೇ ರಾಜ್ಯ ಸರ್ಕಾರ ರೂಪಿಸಿದ ನೈನ್ (ನ್ಯೂ ಏಜ್ ಇನ್ನೋವೇಶನ್ ನೆಟ್‌ವರ್ಕ್) ಯೋಜನೆಯಲ್ಲಿ ವಿದ್ಯಾರ್ಥಿ ತಂಡಗಳಿಗೆ ಒಂದು ಪ್ರಾಜೆಕ್ಟ್‌ಗೆ 3 ಲಕ್ಷ ರೂಪಾಯಿವರೆಗೆ ಸಿಗುತ್ತಿತ್ತು. ಮೊತ್ತ ಚಿಕ್ಕದು, ಆದರೆ ಅಷ್ಟು ಸಣ್ಣ ಹಣಕ್ಕೂ ಬಿಲ್ಲು, ವೋಚರು, ಹಣ ಉದ್ದೇಶಕ್ಕೇ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರ ಎಲ್ಲ ಬೇಕು. ನಮ್ಮ ಕಚೇರಿಗೆ ಅದೇ ತರಬೇತಿಯಾಯಿತು.

ನವೋದ್ಯಮಗಳ ಕಡೆಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ, ಮತ್ತು ಹುಡುಗರಿಗೆ ತಿಳಿಸಿ ಹೇಳಲು ಹೆಚ್ಚು ಕಷ್ಟವಾದದ್ದು ಇದೇ. ಸೀಡ್ ಫಂಡ್ ಕೇಳುವ ಕಂಪನಿಗೆ ಅರ್ಜಿಯ ದಿನ 2 ವರ್ಷ ಮೀರಿರಬಾರದು. ಕೇಂದ್ರ ಅಥವಾ ರಾಜ್ಯದ ಬೇರೆ ಯೋಜನೆಗಳಿಂದ 10 ಲಕ್ಷಕ್ಕಿಂತ ಹೆಚ್ಚು ಹಣ ಪಡೆದಿರಲೂಬಾರದು. ಸ್ಪರ್ಧೆಯಲ್ಲಿ ಗೆದ್ದ ಬಹುಮಾನ ಇದರಲ್ಲಿ ಸೇರುವುದಿಲ್ಲ. ನಮ್ಮ ಹುಡುಗರೋ, ಏಳನೆಯ ಸೆಮಿಸ್ಟರಿನಲ್ಲೇ ಕಂಪನಿ ನೋಂದಾಯಿಸಿ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸುವವರು. ಕ್ಯಾಂಪಸ್ ಸಂದರ್ಶನ, ಅಂತಿಮ ಪರೀಕ್ಷೆ, ಮನೆಯವರೊಡನೆ ಜಗಳ ಎಲ್ಲ ಮುಗಿಯುವಷ್ಟರಲ್ಲಿ ಆ 2 ವರ್ಷದಲ್ಲಿ ಒಂದು ಕರಗಿರುತ್ತದೆ. ನವೋದ್ಯಮಗಳಿಗಾಗಿ ಇರುವ ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನವಿದೆ. ಅದರಿಂದ ದೊಡ್ಡ ಮೊತ್ತವನ್ನು ಮೊದಲೇ ಪಡೆದವರಿಗೆ ಸೀಡ್ ಫಂಡಿನ ಬಾಗಿಲು ಮುಚ್ಚುತ್ತದೆ. ಅದಕ್ಕಾಗಿ ನಮ್ಮಲ್ಲಿ ಸರದಿಯನ್ನು ಹೀಗೆ ಗೊತ್ತು ಮಾಡಿದೆವು: ಮೊದಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಯೋಜನೆ. ಅದು ಕಂಪನಿ ಇಲ್ಲದ ವ್ಯಕ್ತಿಗೂ ಮಾದರಿ (ಪ್ರೊಟೊಟೈಪ್) ತಯಾರಿಸಲು 10 ಲಕ್ಷದವರೆಗೆ ಕೊಡುತ್ತದೆ, ಮಿತಿಯನ್ನೂ ಮೀರುವುದಿಲ್ಲ. ಮಾದರಿ ಕೆಲಸ ಮಾಡಿತು ಎಂದಾದ ಮೇಲೆ ಕಂಪನಿ, ಆಮೇಲೆ ಸೀಡ್ ಫಂಡ್, ಕೊನೆಗೆ ಎಲಿವೇಟ್.

ಅರ್ಜಿಯಲ್ಲಿ ಯಾವ ಕ್ಷೇತ್ರ ತೋರಿಸಬೇಕು ಎಂಬುದರ ಬಗ್ಗೆ ಒಳಗೆ ವಾದ ನಡೆಯಿತು. ಡ್ರೋನ್, ಕೃತಕ ಬುದ್ಧಿಮತ್ತೆ ಎಲ್ಲರ ಅರ್ಜಿಯಲ್ಲೂ ಇರುತ್ತವೆ. ನಾವು ಮೀನು ಮತ್ತು ಗೇರುಬೀಜ ಎಂದು ಬರೆದೆವು. ಮಲ್ಪೆ ಬಂದರಿನ ದೋಣಿ ಮಾಲೀಕರು, ಮಂಜುಗಡ್ಡೆ ಘಟಕದವರು, ಗೇರು ಕಾರ್ಖಾನೆಯವರು ನಮಗೆ ಫೋನಿನ ದೂರದಲ್ಲಿದ್ದಾರೆ; ದೊಡ್ಡ ನಗರದ ಇನ್‌ಕ್ಯುಬೇಟರ್‌ಗೆ ಆ ಅನುಕೂಲವಿಲ್ಲ. ನಮ್ಮ ಒಂದು ತಂಡ ದೋಣಿಯ ಮೀನು ದಾಸ್ತಾನಿನ ಉಷ್ಣಾಂಶ ಅಳೆಯುವ ಸಾಧನ ಮಾಡುತ್ತಿತ್ತು. ಅವರ ಕೆಲಸದ ಪಟ್ಟಿ ನೋಡಿದ, ಆಯ್ಕೆ ಸಮಿತಿಯಲ್ಲಿದ್ದ ಹೊರಗಿನ ಸದಸ್ಯರೊಬ್ಬರು ಜೂನ್, ಜುಲೈನಲ್ಲಿ ಸಮುದ್ರದ ಅಂಕಿಅಂಶ ಏಕಿಲ್ಲ ಎಂದು ಕೇಳಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡದಲ್ಲಿರುವ ಆ ಕಾಲವೇ ಸಾಧನ ಜೋಡಿಸಲು ಪ್ರಶಸ್ತ, ಅಳತೆ ಆಗಸ್ಟ್‌ನಿಂದ ಎಂದು ತಂಡದವರು ವಿವರಿಸಿದರು. ಕಂತು ಬಿಡುಗಡೆಯಾಗುವುದು ಗುರಿ ಮುಟ್ಟಿದರೆ ಮಾತ್ರ. ಆ ಗುರಿ ಮಳೆಗಾಲಕ್ಕೆ ಬಿದ್ದಿದ್ದರೆ ಹಣ ಸುಮ್ಮನೆ ನಿಂತಿರುತ್ತಿತ್ತು.

ಮಂಜೂರಾತಿ ಬಂದಾಗ ಎದುರಾದ ದೊಡ್ಡ ತಪ್ಪು ತಿಳಿವಳಿಕೆ ಎಂದರೆ ಅಷ್ಟೂ ಹಣ ನಮ್ಮದು ಎನ್ನುವುದು. ಹೊಸ ಸಭಾಂಗಣದ ಮಾತೂ ಬಂತು! ಸೀಡ್ ಫಂಡ್ ನಮ್ಮ ಮೂಲಕ ನವೋದ್ಯಮಗಳಿಗೆ ಹರಿದು ಹೋಗುವ ಹಣ. ಮಾದರಿ ಹಂತದ ನವೋದ್ಯಮಕ್ಕೆ 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಇಳಿಯುವವರಿಗೆ 50 ಲಕ್ಷದವರೆಗೆ ಸಾಲ ಅಥವಾ ಷೇರಾಗಿ ಪರಿವರ್ತಿಸಬಹುದಾದ ಡಿಬೆಂಚರ್ (ಸಾಲಪತ್ರ). ಕಟ್ಟಡಕ್ಕೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ನಿರ್ವಹಣೆಗೆಂದು ಸಿಗುವುದು ಶೇ 5. ಪೂರ್ತಿ 5 ಕೋಟಿ ಸಿಕ್ಕವರಿಗೂ ಅದು 25 ಲಕ್ಷ, ಅದೂ ವರ್ಷಗಳ ಮೇಲೆ ಹಂಚಿಕೊಂಡು. ನವೋದ್ಯಮಗಳಿಂದ ಇದಕ್ಕೆ ಶುಲ್ಕ ವಸೂಲಿ ಮಾಡುವಂತೆಯೂ ಇಲ್ಲ.

ಹಾಗಾದರೆ ಸಂಬಳ, ಕರೆಂಟು ಬಿಲ್ಲು? ಅದಕ್ಕೆ ನಾವು ಹೋದದ್ದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗೆ. ಕಂಪನಿ ಕಾಯ್ದೆಯ 7ನೇ ಅನುಸೂಚಿಯ ಪ್ರಕಾರ ಸರ್ಕಾರದ ನೆರವಿರುವ ಇನ್‌ಕ್ಯುಬೇಟರ್‌ಗೆ ಕೊಟ್ಟ ಹಣ ಆ ಲೆಕ್ಕಕ್ಕೆ ಬರುತ್ತದೆ. ಅಂದರೆ ಮೊದಲ ಸರ್ಕಾರಿ ಅನುದಾನದ ನಿಜವಾದ ಬೆಲೆ ಅದರ ಮೊತ್ತಕ್ಕಿಂತ ಹೆಚ್ಚು. ಶಾಲಾ ಚೀಲ, ಶೌಚಾಲಯಕ್ಕೆ ಕೊಟ್ಟು ರೂಢಿಯಾದ ಅಧಿಕಾರಿಗಳಿಗೆ ಇದು ಹೊಸದು. ಸಮಾರಂಭಕ್ಕೆ ಕರೆಯುವ ಬದಲು ಸಾಮಾನ್ಯ ದಿನವೊಂದರ ಮಧ್ಯಾಹ್ನ ಕರೆದು, ಕೈಗೆ ಗ್ರೀಸ್ ಮೆತ್ತಿಕೊಂಡ ಹುಡುಗರ ಜೊತೆ ಬಿಟ್ಟೆ. ಮಾತುಕತೆ ಮುಂದುವರಿದದ್ದು ಅಂಥ ಭೇಟಿಗಳಿಂದಲೇ.

ನಮ್ಮೂರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ. ಆಯ್ಕೆ ಸಮಿತಿಯ ಸದಸ್ಯರಿಗೆ ಪರಿಚಯದ ಅರ್ಜಿ ಬಂದರೆ ಎದ್ದು ಹೊರಗೆ ಹೋಗಬೇಕು, ಅದು ನಡಾವಳಿಯಲ್ಲಿ ದಾಖಲಾಗಬೇಕು ಎಂಬ ನಿಯಮ ಮಾಡಿದೆವು. ಕೆಲವರಿಗೆ ಮುನಿಸು ಬಂದಿದೆ, ಇನ್ನೂ ಹೋಗಿಲ್ಲ.

ಕೇಂದ್ರದ ಅನುದಾನದ ಬಳಕೆ ಪ್ರಮಾಣಪತ್ರ, ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ ಹೋಗಬೇಕು. ಖಾತೆಯಲ್ಲಿ ಬೆಳೆದ ಬಡ್ಡಿಯೂ ಸರ್ಕಾರದ್ದೇ. ಸರ್ಕಾರಕ್ಕೆ ಹಣ ಕಟ್ಟುವ ಭಾರತ್‌ಕೋಶ್ ಜಾಲತಾಣದ ಮೂಲಕ ಹಿಂದಿರುಗಿಸಬೇಕು. ಮಾರ್ಚ್ 31ಕ್ಕೆ ಖಾತೆಯ ಪಟ್ಟಿ ತೆಗೆದು, ಏಪ್ರಿಲ್‌ನಲ್ಲೇ ಬಡ್ಡಿಯ ಚಲನ್ ಕಟ್ಟಿ, ಪ್ರಮಾಣಪತ್ರದ ಕರಡನ್ನು ಲೆಕ್ಕಪರಿಶೋಧಕರ ಮೇಜಿಗೆ ತಲುಪಿಸುವುದು ನಮ್ಮ ಕಚೇರಿಯ ಪದ್ಧತಿ. ಮುಂದಿನ ಕಂತಿನ ಪತ್ರವನ್ನು ಅದಾದ ಮೇಲೆಯೇ ಬರೆಯುತ್ತೇವೆ.