ನಡೆಯುತ್ತಿರುವ ಆಟವನ್ನು ಬದಲಿಸುವ ಕೆಲಸ: ನನ್ನ ಅನುಭವ

ನಾನು ಸರ್ವರ್‌ನ ಹೊಣೆ ಹೊತ್ತಿದ್ದ ಮೊಬೈಲ್ ಆಟದಲ್ಲಿ ಎರಡು ವಾರಕ್ಕೊಂದು ಸ್ಪರ್ಧೆ, ಆರು ವಾರಕ್ಕೊಂದು ಹೊಸ ಸೀಸನ್ ಬರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಪ್‌ಡೇಟ್ ಎಂದರೆ ಹೊಸದನ್ನು ಸೇರಿಸುವುದು ಎಂದುಕೊಂಡಿದ್ದೆ. ಸೇರಿಸಿದ್ದನ್ನು ಹಿಂತೆಗೆದುಕೊಳ್ಳುವ ದಾರಿಯನ್ನು ಮೊದಲೇ ಸಿದ್ಧಮಾಡಿಕೊಳ್ಳುವುದೇ ಈ ಕೆಲಸದ ದೊಡ್ಡ ಪಾಲು ಎಂಬುದು ಅರಿವಿಗೆ ಬರಲು ಒಂದು ವರ್ಷ ಹಿಡಿಯಿತು.

ಎಲ್ಲರ ಫೋನಿನಲ್ಲೂ ಆಟದ ಒಂದೇ ಆವೃತ್ತಿ ಇರುವುದಿಲ್ಲ. ಆ್ಯಪಲ್‌ನ ಹಂತಹಂತದ ಬಿಡುಗಡೆಯನ್ನು ಆರಿಸಿಕೊಂಡರೆ, ಸ್ವಯಂಚಾಲಿತ ಅಪ್‌ಡೇಟ್ ಇಟ್ಟುಕೊಂಡವರಲ್ಲಿ ಮೊದಲ ದಿನ ಶೇ. 1, ಬಳಿಕ 2, 5, 10, 20, 50ರಷ್ಟು ಮಂದಿಗೆ ತಲುಪಿ, 7ನೆಯ ದಿನ ಎಲ್ಲರಿಗೂ ಸಿಗುತ್ತದೆ. ನಡುವೆ ತಡೆಹಿಡಿಯಬಹುದಾದರೂ, ಈಗಾಗಲೇ ಪಡೆದವರ ಫೋನಿನಿಂದ ಅದನ್ನು ಹಿಂದಕ್ಕೆ ಕರೆಸಿಕೊಳ್ಳುವಂತಿಲ್ಲ. ಆದ್ದರಿಂದ ಸರ್ವರ್ ಹಳೆಯ ಆವೃತ್ತಿಗಳಿಗೂ ಉತ್ತರ ಕೊಡುವಂತಿರಬೇಕಾಗಿತ್ತು. ಹೊಸ ಸ್ಪರ್ಧೆಯ ಚಿತ್ರಗಳನ್ನೂ ಕೋಡನ್ನೂ ಎರಡು ವಾರ ಮೊದಲೇ ಫೋನುಗಳಿಗೆ ಕಳಿಸಿ, ಮುಚ್ಚಿಟ್ಟು, ನಿಗದಿತ ಹೊತ್ತಿಗೆ ಸರ್ವರ್‌ನಲ್ಲಿದ್ದ ಒಂದು ಸ್ವಿಚ್‌ನಿಂದ ತೆರೆಯುತ್ತಿದ್ದೆವು. ತೊಂದರೆ ಕಂಡರೆ ಅದೇ ಸ್ವಿಚ್ ಆಫ್ ಮಾಡಿದರೆ ಸಾಕು ಎಂಬ ಧೈರ್ಯ ನನಗಿತ್ತು.

ಆ ಧೈರ್ಯ ಒಂದು ಸೀಸನ್ನಿನ ಮೂರನೆಯ ದಿನ ಕುಸಿಯಿತು. ಆಟದೊಳಗಿನ ಹಣವಾಗಿ ಚಲಾವಣೆಯಲ್ಲಿದ್ದ ರತ್ನಗಳ ಒಟ್ಟು ಮೊತ್ತ ತೋರಿಸುವ ಗ್ರಾಫ್ ಬೆಳಗಿನಿಂದ ಏರುತ್ತಲೇ ಇತ್ತು. ಸರ್ವರ್ ತನ್ನ ಪ್ರತಿ ಕೆಲಸವನ್ನೂ ಬರೆದಿಡುವ ಲಾಗ್ ತೆರೆದು ನೋಡಿದರೆ, ಒಬ್ಬನೇ ಆಟಗಾರ ದಿನಕ್ಕೊಮ್ಮೆ ಮಾತ್ರ ಸಿಗಬೇಕಾದ ಬಹುಮಾನವನ್ನು ನಾಲ್ಕು ಸೆಕೆಂಡುಗಳೊಳಗೆ ಹನ್ನೊಂದು ಬಾರಿ ಪಡೆದಿದ್ದ. ಇವತ್ತಿನದು ಪಡೆದಾಯಿತೇ ಎಂದು ನೋಡುವುದು, ರತ್ನ ಕೊಡುವುದು, ಪಡೆದಾಯಿತು ಎಂದು ಬರೆದುಕೊಳ್ಳುವುದು, ಈ ಮೂರನ್ನೂ ನಮ್ಮ ಸರ್ವರ್ ಬೇರೆ ಬೇರೆ ಹೆಜ್ಜೆಗಳಾಗಿ ಮಾಡುತ್ತಿತ್ತು. ನೆಟ್‌ವರ್ಕ್ ಕಡಿದಾಗ ಆಟಗಾರ ಗುಂಡಿಯನ್ನು ಒತ್ತಿದಷ್ಟೂ ಸಲದ ಕೋರಿಕೆಗಳು ಆ್ಯಪ್‌ನಲ್ಲಿ ಸಾಲುಗಟ್ಟಿ, ಸಂಪರ್ಕ ಮರಳಿದೊಡನೆ ಒಟ್ಟಿಗೆ ಬಂದು ಬೀಳುತ್ತಿದ್ದವು. ಮೊದಲನೆಯದರ ಬರವಣಿಗೆ ಮುಗಿಯುವ ಮುನ್ನವೇ ಉಳಿದವೂ ತಪಾಸಣೆ ದಾಟಿಬಿಡುತ್ತಿದ್ದವು. ಕಚೇರಿಯ ವೇಗದ ವೈಫೈನಲ್ಲಿ ಪರೀಕ್ಷಿಸಿದ್ದ ನಮಗೆ ಇದು ಒಮ್ಮೆಯೂ ಕಂಡಿರಲಿಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಗುಂಡಿ ಒತ್ತುವ ಉಪಾಯವನ್ನು ಆಟಗಾರರು ಮಾತ್ರ ಬೇಗ ಕಂಡುಕೊಂಡಿದ್ದರು.

ಸ್ವಿಚ್ ಆಫ್ ಮಾಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಆದರೆ ರತ್ನಗಳು ಅಷ್ಟರಲ್ಲಿ ಕೈಬದಲಾಗಿದ್ದವು: ಆಟದೊಳಗಿನ ಮಾರುಕಟ್ಟೆಯಲ್ಲಿ ಅವುಗಳಿಂದ ಕತ್ತಿ, ಕವಚಗಳನ್ನು ಕೊಂಡವರಿದ್ದರು, ಏನೂ ತಿಳಿಯದೆ ಮಾರಿದವರೂ ಇದ್ದರು. ಬೆಳಗಿನ ಬ್ಯಾಕಪ್‌ಗೆ ಮರಳಿದರೆ, ಆ ನಂತರ ನಿಜವಾದ ಹಣ ಕೊಟ್ಟು ಕೊಂಡವರ ಖರೀದಿಯೂ ಅಳಿಸಿಹೋಗುತ್ತಿತ್ತು. ಕೋಡನ್ನು ಹಿಂದಕ್ಕೆ ತಿರುಗಿಸಬಹುದು, ಜನರು ಆಡಿ ಮುಗಿಸಿದ ಆಟವನ್ನು ತಿರುಗಿಸಲಾಗದು. 2005ರ ಸೆಪ್ಟೆಂಬರಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ಒಂದೇ ಕಾಳಗದೊಳಗೆ ಇರಬೇಕಿದ್ದ ಸಾಂಕ್ರಾಮಿಕ ಶಾಪವೊಂದು, ಆಟಗಾರರ ಸಾಕುಪ್ರಾಣಿಗಳ ಮೂಲಕ ನಗರಗಳಿಗೆ ಹಬ್ಬಿದ್ದನ್ನು ಓದಿ ನಾನು ಹಿಂದೊಮ್ಮೆ ನಕ್ಕಿದ್ದೆ. ಆ ದಿನ ನಗು ಬರಲಿಲ್ಲ.

ಹೆಚ್ಚುವರಿಯಾಗಿ ಪಡೆದ ಪ್ರತಿಯೊಂದು ರತ್ನವನ್ನೂ ಎಲ್ಲರಿಂದಲೂ ಕಳೆಯಬೇಕೆಂದು ನಾನು ವಾದಿಸಿದೆ. ಆಟಗಾರರ ದೂರುಗಳನ್ನು ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಅದನ್ನು ಒಪ್ಪಲಿಲ್ಲ. ಒಂದೆರಡು ಬಾರಿ ಹೆಚ್ಚಿಗೆ ಸಿಕ್ಕವರಿಗೆ ತಮ್ಮ ಲೆಕ್ಕ ತಪ್ಪಿದ್ದು ಗೊತ್ತೇ ಇರಲಾರದು, ಅವರನ್ನು ಕಳ್ಳರಂತೆ ಕಾಣುವುದು ಬೇಡ ಎಂದರು. ಕೊನೆಗೆ ಹತ್ತಕ್ಕಿಂತ ಹೆಚ್ಚು ಬಾರಿ ಪಡೆದವರಿಂದ ಮಾತ್ರ ಕಳೆದೆವು.

ಈಗ ಪ್ರತಿ ಬಹುಮಾನಕ್ಕೂ ಆಟಗಾರನ ಗುರುತು ಮತ್ತು ಸರ್ವರ್‌ನ ದಿನಾಂಕ ಸೇರಿದ ಒಂದು ಸಂಖ್ಯೆ ಇದೆ. ಫೋನಿನ ಗಡಿಯಾರವನ್ನು ಯಾರು ಬೇಕಾದರೂ ಮುಂದೆ ತಳ್ಳಬಹುದಾದ್ದರಿಂದ ಅದನ್ನು ನಂಬುವುದಿಲ್ಲ. ಆ ಸಂಖ್ಯೆ ಎರಡನೆಯ ಬಾರಿ ದಾಖಲಾಗದಂತೆ ಡೇಟಾಬೇಸ್ ತಾನೇ ತಡೆಯುತ್ತದೆ. ದಾಖಲಾತಿಯೂ ರತ್ನ ಕೊಡುವುದೂ ಒಂದೇ ವಹಿವಾಟಿನಲ್ಲಿ, ಅಂದರೆ ಆದರೆ ಎರಡೂ ಆಗುವಂತೆ, ಇಲ್ಲವಾದರೆ ಎರಡೂ ಆಗದಂತೆ, ಮುಗಿಯುತ್ತವೆ. ಮರಳಿ ಬಂದ ಕೋರಿಕೆಗೆ ಮೊದಲಿನ ಉತ್ತರವನ್ನೇ ಕೊಟ್ಟು, ಅದನ್ನೂ ಲಾಗ್‌ನಲ್ಲಿ ಬರೆದಿಡುತ್ತೇವೆ. ಈ ಬದಲಾವಣೆ ಜಾರಿಗೆ ಬಂದ ಮೊದಲ ವಾರ ಆ ಲಾಗ್ ಓದುತ್ತ ಕುಳಿತೆ. ಮರುಕೋರಿಕೆಗಳಲ್ಲಿ ಹೆಚ್ಚಿನವು ಉಪಾಯಗಾರರವಾಗಿರಲಿಲ್ಲ, ಸಂಪರ್ಕ ಸರಿಯಿಲ್ಲದೆ ಎರಡೆರಡು ಬಾರಿ ಗುಂಡಿ ಒತ್ತಿದವರವಾಗಿದ್ದವು.