ಮಲೆನಾಡಿನ ಕಾಲುದಾರಿಗೆ ಎಂಥ ನಾಯಿಹಗ್ಗ?

ತೋಟ, ಗದ್ದೆಯ ಬದು, ಕಾಡಂಚಿನ ಕಾಲುದಾರಿಗಳಲ್ಲಿ ನಾಯಿಯನ್ನು ತಿರುಗಾಡಿಸುವವರು ಹಗ್ಗ ಕೊಳ್ಳುವಾಗ ಬಣ್ಣವನ್ನೂ ಬೆಲೆಯನ್ನೂ ವಿಚಾರಿಸುವ ಮೊದಲು, ಅದು ಒದ್ದೆಯಾದಾಗ ಏನಾಗುತ್ತದೆ ಎಂಬುದನ್ನು ಯೋಚಿಸಬೇಕು. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಯಾವುದೂ ಸರಿಯಾಗಿ ಒಣಗುವುದಿಲ್ಲ. ಹತ್ತಿಯ ಹಗ್ಗ ಕೈಗೆ ಮೆತ್ತಗಿದ್ದರೂ ನೀರು ಕುಡಿದು ಭಾರವಾಗುತ್ತದೆ, ಮುಗ್ಗಲು ಹಿಡಿಯುತ್ತದೆ, ಕೊನೆಗೆ ಒಳಗಿಂದೊಳಗೇ ಲಡ್ಡಾಗುತ್ತದೆ. ಚರ್ಮದ ಪಟ್ಟಿ ಬೇಸಿಗೆಯಲ್ಲಿ ಬಹಳ ಹಿತ. ಮಳೆಗಾಲದಲ್ಲಿ ಮಾತ್ರ ಎಣ್ಣೆ ಸವರಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಮತ್ತೆ ಬೂಷ್ಟು ಒರೆಸುವ ತಾಳ್ಮೆಯಿದ್ದವರಿಗೇ ಅದು. ನೈಲಾನ್ ಪಟ್ಟಿ ನೀರು ಹೀರಿದರೂ ಕೊಳೆಯುವುದಿಲ್ಲವಾದ್ದರಿಂದ ಸಾಮಾನ್ಯ ಬಳಕೆಗೆ ಅದೇ ಸಾಕು. ಪಿವಿಸಿ ಲೇಪಿಸಿದ, ಬಯೋಥೇನ್ ಎಂಬ ಹೆಸರಿನಲ್ಲಿ ಸಿಗುವ ಪಟ್ಟಿಗೆ ಹಣ ಹೆಚ್ಚು. ಆದರೆ ಕೆಸರು ಎಷ್ಟೇ ಮೆತ್ತಿದರೂ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಮುಗಿಯಿತು. ಕೊಳ್ಳುವ ಶಕ್ತಿಯಿದ್ದರೆ ನಾನು ಅದನ್ನೇ ಹೇಳುತ್ತೇನೆ.

ಉದ್ದದ ವಿಷಯದಲ್ಲಿ ಆಸೆ ಬೇಡ. ಸುಮಾರು ಆರು ಅಡಿಯ, ಮಧ್ಯಮ ಗಾತ್ರದ ನಾಯಿಗೆ 20 ಮಿಲಿಮೀಟರ್ ಅಗಲದ, ನಡುವೆ ಇನ್ನೊಂದು ಬಳೆಯೋ ಹಿಡಿಕೆಯೋ ಇರುವ ಪಟ್ಟಿ ಹೆಚ್ಚಿನ ದಾರಿಗಳಿಗೆಲ್ಲ ಒಗ್ಗುತ್ತದೆ. ಬೇಲಿಯ ಉಣುಗೋಲು (ಗಳು ಸರಿಸಿ ದಾಟುವ ಬಾಗಿಲು) ದಾಟುವಾಗ, ಬೀದಿನಾಯಿಗಳು ಎದುರಾದಾಗ, ಕಿರಿದಾದ ದಾರಿಯಲ್ಲಿ ಜೀಪು ಬಂದಾಗ ನಾಯಿಯನ್ನು ಮಗ್ಗುಲಿಗೇ ಎಳೆದುಕೊಳ್ಳಲು ಆ ನಡುವಿನ ಹಿಡಿಕೆ ಬೇಕೇ ಬೇಕು. ಗುಂಡಿ ಒತ್ತಿದರೆ ಹುರಿ ಒಳಗೆ ಸುತ್ತಿಕೊಳ್ಳುವ ಪೆಟ್ಟಿಗೆಯ ಹಗ್ಗ ಹಳ್ಳಿಗೆ ತಕ್ಕದ್ದಲ್ಲ. ಅದರ ತೆಳು ಹುರಿ ಕಾಫಿ ಗಿಡದ ಬುಡಕ್ಕೂ ಮೆಣಸಿನ ಬಳ್ಳಿಗೂ ಸುತ್ತಿಕೊಳ್ಳುತ್ತದೆ, ಬರಿಗಾಲಿಗೆ ಉಜ್ಜಿದರೆ ಚರ್ಮ ಸುಲಿಯುತ್ತದೆ, ಕೆಸರು ಹೊಕ್ಕರೆ ಒಳಗಿನ ಸ್ಪ್ರಿಂಗು ಕೈಕೊಡುತ್ತದೆ. ಕಬ್ಬಿಣದ ಸರಪಳಿಯೂ ಅಷ್ಟೇ. ಹಗ್ಗ ಕಡಿಯುವ ಮರಿಯನ್ನು ಅಂಗಳದಲ್ಲಿ ಕಟ್ಟಲು ಸರಿ, ನಡೆಯುವಾಗ ಅದರ ಭಾರವೆಲ್ಲ ನಾಯಿಯ ಕುತ್ತಿಗೆಗೆ.

ಕೊಯ್ಲು ಮುಗಿದ ಗದ್ದೆಯಂಥ ಬಯಲಿನಲ್ಲಿ ಮಾತ್ರ ಹತ್ತು ಮೀಟರಿನ ಉದ್ದ ಹಗ್ಗ ಬಿಡಬಹುದು. ಹಾರ್ಡ್‌ವೇರ್ ಅಂಗಡಿಯ ನೈಲಾನ್ ಹಗ್ಗಕ್ಕೆ ಹಿತ್ತಾಳೆಯ ಕೊಕ್ಕೆ ಕಟ್ಟಿಕೊಂಡರೂ ನಡೆಯುತ್ತದೆ. ಇಂಥ ಹಗ್ಗವನ್ನು ಕೊರಳಿನ ಬೆಲ್ಟಿಗೆ ಎಂದೂ ಸಿಕ್ಕಿಸಬಾರದು. ಓಡಿದ ನಾಯಿ ತುದಿಯಲ್ಲಿ ತಟ್ಟನೆ ನಿಂತಾಗ ಅದರ ಪೆಟ್ಟು ಕುತ್ತಿಗೆಗೆ ಬೀಳುವುದರಿಂದ, ಎದೆಗೆ ತೊಡಿಸುವ ಹಾರ್ನೆಸ್ಸಿನ ಬೆನ್ನಿನ ಬಳೆಗೇ ಹಾಕಬೇಕು. ಮುಧೋಳ ನಾಯಿ ಸಾಕಿದವರಿಗೆ ಈ ಮಾತು ಇನ್ನೂ ಮುಖ್ಯ, ಏಕೆಂದರೆ ಅದರ ತಲೆ ಕಿರಿದು. ಹಿಂದಕ್ಕೆ ಜಗ್ಗಿದರೆ ಸಾಧಾರಣ ಬೆಲ್ಟು ಕಳಚಿ ಬರುತ್ತದೆ, ಮೊಲ ಕಂಡಿತೆಂದರೆ ಮತ್ತೆ ಕರೆದು ಫಲವಿಲ್ಲ. ಕಾಡಂಚಿನಲ್ಲಂತೂ ಉದ್ದ ಹಗ್ಗ ಬೇಡವೇ ಬೇಡ. ಹಂದಿಗೆ ಕಟ್ಟಿದ ತಂತಿಯ ಉರುಳು ಪೊದೆಯೊಳಗೆ ಕಾಣುವುದಿಲ್ಲ, ಮುಸ್ಸಂಜೆಯಲ್ಲಿ ಚಿರತೆಯ ಭಯವೂ ಉಂಟು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಬೇಸಿಗೆಯ ತರಗೆಲೆಗಳಲ್ಲಿ ಹೆಚ್ಚಿರುವ ಕಾರಣ, ಆ ಕಾಯಿಲೆ ಕಂಡ ಕಡೆಗಳಲ್ಲಿ ನಾಯಿಯನ್ನು ಕಾಡಿಗೆ ನುಗ್ಗಿಸದೆ ಇರುವುದೇ ಲೇಸು.

ಹಗ್ಗದ ಕುಣಿಕೆಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವ, ಸೊಂಟಕ್ಕೆ ಕಟ್ಟಿಕೊಳ್ಳುವ ರೂಢಿಯನ್ನು ವಯಸ್ಸಾದವರು ಬಿಡಬೇಕು. ಕರು ಜೊತೆಗಿರುವ ಹಸು ನಾಯಿಯನ್ನು ಕಂಡು ಕೊಂಬು ತಗ್ಗಿಸಿ ಬಂದರೆ ಹಗ್ಗವನ್ನು ಕೂಡಲೇ ಕೈಬಿಡಬೇಕಾಗುತ್ತದೆ. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ಹಿಡಿದು ನಿಂತವರಿಗೆ ಆ ಭಾಗ್ಯವಿಲ್ಲ. ಹಳ್ಳದ ಕಾಲುಸಂಕ ದಾಟುವಾಗಲೂ ಹೀಗೆಯೇ ಸಡಿಲವಾಗಿ ಹಿಡಿದಿರಬೇಕು.

ಕೊಕ್ಕೆ ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಆಗಿರಲಿ. ಬರೀ ಹೊಳಪು ಬಳಿದ ಕಬ್ಬಿಣ ಬಲುಬೇಗ ತುಕ್ಕು ಹಿಡಿಯುತ್ತದೆ. ಅಡಿಕೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದ ತೋಟದಲ್ಲಿ ಓಡಾಡಿದ್ದರೆ ಮನೆಗೆ ಬಂದೊಡನೆ ಹಗ್ಗವನ್ನೂ ನಾಯಿಯ ಕಾಲುಗಳನ್ನೂ ತೊಳೆಯಬೇಕು. ತೊಳೆಯುವಾಗ ಕೊಕ್ಕೆಯ ಬಳಿಯ ಹೊಲಿಗೆಯನ್ನು ಎಳೆದು ನೋಡಿ, ನೂಲು ಎದ್ದಿದ್ದರೆ ಮರುದಿನದ ತಿರುಗಾಟಕ್ಕೆ ಮೊದಲೇ ಚಪ್ಪಲಿ ಹೊಲಿಯುವವರಲ್ಲಿ ಕೊಟ್ಟು ದಪ್ಪ ನೂಲಿನಿಂದ ಎರಡು ಸಾಲು ಹೊಲಿಸಿಕೊಳ್ಳಿ.