ಪರದೇಶದಲ್ಲಿ ಜನಪದ ಹಾಡು ಕೇಳಬೇಕೆಂದರೆ ಮೊದಲು ವಾರ ನೋಡಿ

ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಓದಲಿಕ್ಕೆ, ಕೆಲಸಕ್ಕೆ, ಅಲ್ಲಿರುವ ಮಕ್ಕಳನ್ನು ನೋಡಿ ಬರಲಿಕ್ಕೆ ಎಂದು ಹೊರದೇಶಕ್ಕೆ ಹೋಗುವವರು ಈಗ ಬಹಳ. ಹೋದವರು ಕೋಟೆ, ಸೇತುವೆ, ಮ್ಯೂಸಿಯಂ ಎಲ್ಲ ನೋಡಿ ಬರುತ್ತಾರೆ. ಆ ನೆಲದ ಹಾಡು ಮಾತ್ರ ಕಿವಿಗೆ ಬಿದ್ದಿರುವುದಿಲ್ಲ. ಬಿದ್ದರೂ ಅದು ಹೋಟೆಲಿನವರು ಟಿಕೆಟ್ ಕೊಡಿಸಿ ಕಳಿಸಿದ ಒಂದು ತಾಸಿನ ಪ್ರದರ್ಶನ. ಊರಿನವರೇ ಕೂಡಿ ಹಾಡುವ ಜಾಗ ಬಹುತೇಕ ಎರಡು ಓಣಿ ಆಚೆಗೇ ಇರುತ್ತದೆ, ಆದರೆ ಅದಕ್ಕೊಂದು ವಾರ ಗೊತ್ತು ಮಾಡಿರುತ್ತಾರೆ. ಮಂಗಳವಾರ ಕೂಡುವ ಜಾಗಕ್ಕೆ ಬುಧವಾರ ಹೋದರೆ ಖಾಲಿ ಕುರ್ಚಿ ಕಾಣುತ್ತದೆ, ಅಷ್ಟೆ.

ನಮ್ಮ ಕಡೆಯ ಭಜನಿಯನ್ನೇ ನೋಡಿ. ಕಡಕೋಳ ಮಡಿವಾಳಪ್ಪನವರ ತತ್ವಪದ ಕೇಳಬೇಕೆಂದು ಯಾರಾದರೂ ಹೊರಗಿನಿಂದ ಬಂದರೆ, ಅಮಾವಾಸ್ಯೆಯ ರಾತ್ರಿ ಯಾವ ಮಠದಲ್ಲಿ ಭಜನಿ ಕೂಡುತ್ತದೆಂದು ಯಾವ ಪೋಸ್ಟರೂ ಹೇಳುವುದಿಲ್ಲ. ಪೇಟಿ ಬಾರಿಸುವವರನ್ನು ಕೇಳಿದರೆ ಒಂದೇ ಮಾತಿನಲ್ಲಿ ತಿಳಿಯುತ್ತದೆ. ಡಬ್ಲಿನ್, ಲಿಸ್ಬನ್, ಬುಡಾಪೆಸ್ಟ್, ಭಕ್ತಪುರ ಎಲ್ಲಿ ಹೋದರೂ ಹುಡುಕುವ ದಾರಿ ಇದೇ: ಯಾವ ವಾರ, ಯಾರು ಕೂಡಿಸುತ್ತಾರೆ, ಎಷ್ಟು ಗಂಟೆಗೆ. ಈ ಮೂರು ಗೊತ್ತಾದರೆ ಕೆಲಸ ಮುಕ್ಕಾಲು ಮುಗಿದಂತೆ.

ಹೊರಡುವ ಮುಂಚೆ

ಒಂದು ಹಾಳೆಯಲ್ಲಿ ಹೋಗಬೇಕೆಂದಿರುವ ಊರುಗಳನ್ನು ಎಡಕ್ಕೆ ಬರೆದು, ಮೇಲೆ ಏಳು ವಾರಗಳ ಮನೆ ಹಾಕಿ. ಪ್ರತಿ ಊರಿಗೂ ಯಾವ ರಾತ್ರಿ ಎಲ್ಲಿ ಹಾಡು ಎಂದು ತುಂಬಿದ ಮೇಲೆಯೇ ಹೈದರಾಬಾದಿನಿಂದ ವಿಮಾನದ ಟಿಕೆಟ್ ತೆಗೆಸಿ. ಹೆಚ್ಚಿನವರು ಟಿಕೆಟ್ ತೆಗೆಸಿ ಆಮೇಲೆ ಹಾಡು ಹುಡುಕುತ್ತಾರೆ, ಅಲ್ಲೇ ತಪ್ಪುತ್ತದೆ. ವೀಸಾ ಅರ್ಜಿಗೆ ರೂಮಿನ ಬುಕಿಂಗ್ ತೋರಿಸಬೇಕಾಗುವುದರಿಂದ, ರದ್ದು ಮಾಡಿದರೆ ದುಡ್ಡು ಮರಳುವ ರೂಮನ್ನೇ ಹಿಡಿಯಿರಿ. ವಾರ ಬದಲಾದರೆ ಊರುಗಳ ಸರದಿಯನ್ನೂ ಬದಲಿಸಬಹುದು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ಒಕ್ಕೂಟದಲ್ಲಿ ಐರ್ಲೆಂಡ್ ಇಲ್ಲ. ಪೋರ್ಚುಗಲ್ಲಿಗೆಂದು ತೆಗೆದ ವೀಸಾ ಡಬ್ಲಿನ್ನಿನಲ್ಲಿ ನಡೆಯುವುದಿಲ್ಲ.

ವಾರದ ಜೊತೆ ಕಾಲವನ್ನೂ ನೋಡಿ. ಜುಲೈ, ಆಗಸ್ಟಿನಲ್ಲಿ ಸ್ಪೇನಿನ ಆಂದಲೂಸಿಯಾದ ಬಹಳಷ್ಟು ಫ್ಲಮೆಂಕೊ ಹಾಡು-ಕುಣಿತದ ಸಂಘಗಳು ಬಾಗಿಲು ಹಾಕಿರುತ್ತವೆ, ಹಾಡು ಬಯಲಿನ ಉತ್ಸವಗಳಿಗೆ ಹೋಗಿರುತ್ತದೆ. ಹಂಗೇರಿಯ ನೃತ್ಯಕೂಟಗಳು ಶರತ್ಕಾಲದಿಂದ ವಸಂತದವರೆಗೆ ಚೆನ್ನಾಗಿ ನಡೆದು ಬೇಸಿಗೆಯಲ್ಲಿ ಹಳ್ಳಿಯ ಶಿಬಿರಗಳಿಗೆ ಸರಿಯುತ್ತವೆ. ಕೊಲ್ಲಿ ದೇಶಗಳಲ್ಲಿ ರಂಜಾನ್ ತಿಂಗಳಲ್ಲಿ ಮದುವೆ ಅಪರೂಪ, ಮದುವೆಯ ಹಾಡೂ ಅಪರೂಪ. ಬಾಲಿಯಲ್ಲಿ ಮಾರ್ಚ್ ಸುಮಾರಿಗೆ ಬರುವ ನ್ಯೆಪಿ ಎಂಬ ಮೌನದ ದಿನ ವಿಮಾನ ನಿಲ್ದಾಣವನ್ನೂ ಮುಚ್ಚುತ್ತಾರೆ.

ಇಂಟರ್ನೆಟ್ಟಿನಲ್ಲಿ ಹುಡುಕುವಾಗ ಇಂಗ್ಲಿಷಿನಲ್ಲಿ ‘ಫೋಕ್ ಮ್ಯೂಸಿಕ್’ ಎಂದು ಬರೆಯಬೇಡಿ. ಹಾಗೆ ಬರೆದರೆ ಪ್ರವಾಸಿಗರಿಗೆ ಟಿಕೆಟ್ ಮಾರುವವರೇ ಮೊದಲು ಬರುತ್ತಾರೆ. ಐರ್ಲೆಂಡಿಗೆ ‘ಟ್ರ್ಯಾಡ್ ಸೆಶನ್’, ಲಿಸ್ಬನ್ನಿಗೆ ‘ಫಾದು ವಾದಿಯು’, ಆಂದಲೂಸಿಯಾಕ್ಕೆ ‘ಪೆನ್ಯಾ ಫ್ಲಮೆಂಕಾ’, ಹಂಗೇರಿಗೆ ‘ತಾಂತ್ಸ್‌ಹಾಜ್’, ಕಠ್ಮಂಡು ಕಣಿವೆಗೆ ‘ದಾಫಾ ಭಜನ್’. ಇವನ್ನು ಮೊಬೈಲಿನ ಅನುವಾದಕದಲ್ಲಿ ಆಯಾ ಭಾಷೆಯ ಅಕ್ಷರಕ್ಕೆ ತಂದು, ಊರಿನ ಹೆಸರು ಮತ್ತು ವಾರದ ಹೆಸರನ್ನೂ ಅದೇ ಭಾಷೆಯಲ್ಲಿ ಜೋಡಿಸಿ ಹುಡುಕಿ. ಐರಿಶ್ ಸಂಗೀತಕ್ಕೆ ‘ದಿ ಸೆಶನ್’ ಎಂಬ ಜಾಲತಾಣ ಪ್ರಪಂಚದ ಮೂಲೆಮೂಲೆಯ ಕೂಟಗಳ ಪಟ್ಟಿ ಇಟ್ಟಿದೆ. ಆದರೆ ಅದಕ್ಕೆ ವಿವರ ಹಾಕುವವರು ಬಳಕೆದಾರರೇ. ನಿಂತುಹೋದ ಕೂಟವೂ ಪಟ್ಟಿಯಲ್ಲಿ ಉಳಿದಿರುತ್ತದೆ. ಆದ್ದರಿಂದ ಆ ಜಾಗದ ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಪುಟದಲ್ಲಿ ಕಳೆದ ಒಂದು ತಿಂಗಳೊಳಗಿನ ಫೋಟೊ ಇದೆಯೇ ನೋಡಿ, ಹೋಗುವ ದಿನ ಮಧ್ಯಾಹ್ನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಈ ಎರಡನ್ನೂ ಮಾಡಿದವರು ಬರಿಗೈಲಿ ಮರಳುವುದು ಕಡಿಮೆ.

ಊರು ಮುಟ್ಟಿದ ಮೇಲೆ ಹೋಟೆಲಿನ ಕೌಂಟರಿನಲ್ಲಿ ಕೇಳಬೇಡಿ, ಅಲ್ಲಿ ಕಮಿಷನ್ ಇರುವ ಪ್ರದರ್ಶನದ ಹೆಸರು ಬರುವುದೇ ಹೆಚ್ಚು. ವಾದ್ಯ ರಿಪೇರಿ ಮಾಡುವ ಅಂಗಡಿ, ಸಂಗೀತ ಶಾಲೆ, ಹಳೆಯ ರೆಕಾರ್ಡ್ ಮಾರುವ ಅಂಗಡಿ, ಈ ಮೂರರಲ್ಲಿ ಒಂದಕ್ಕೆ ಹೋಗಿ. ಕೇಳುವ ಮಾತೂ ನೇರವಿರಲಿ: “ಈ ವಾರ ನೀವು ಎಲ್ಲಿಗೆ ಕೇಳಲು ಹೋಗುತ್ತೀರಿ?” ಪಿಟೀಲಿನ ಕುದುರೆ (ತಂತಿ ಎತ್ತಿ ಹಿಡಿಯುವ ಮರದ ಚೂರು) ಕೂಡಿಸುವವನಿಗೆ ಆ ಊರಿನ ಪ್ರತಿ ಪಿಟೀಲುಗಾರನೂ ಗೊತ್ತಿರುತ್ತಾನೆ.

ಐರ್ಲೆಂಡಿನ ಸೆಶನ್

ಹೊಸಬರಿಗೆ ಎಲ್ಲಕ್ಕಿಂತ ಸಲೀಸಾಗಿ ಸಿಗುವುದು ಇದೇ. ಪಬ್ಬಿನ ಒಂದು ಮೂಲೆಯಲ್ಲಿ ಪಿಟೀಲು, ಮರದ ಕೊಳಲು, ಟಿನ್ ವಿಸಲ್, ಕನ್ಸರ್ಟಿನಾ, ಕೆಲವೊಮ್ಮೆ ಮೊಣಕೈಯಿಂದ ತಿದಿ ಒತ್ತುವ ಇಲ್ಲಿನ್ ಪೈಪ್ ಹಿಡಿದವರು ದುಂಡಗೆ ಕೂಡುತ್ತಾರೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಎರಡು ಮೂರು ಧಾಟಿಗಳನ್ನು ಕೂಡಿಸಿ, ಒಂದೊಂದನ್ನೂ ಎರಡು ಮೂರು ಸಲ ಬಾರಿಸಿ, ಉಸಿರು ತೆಗೆದುಕೊಂಡು ಮುಂದಿನದಕ್ಕೆ ಹೋಗುತ್ತಾರೆ. ರೀಲ್ ನಾಲ್ಕರ ಎಣಿಕೆಯಲ್ಲಿ, ಜಿಗ್ ಮೂರು ಮೂರು ಕೂಡಿದ ಆರರ ಎಣಿಕೆಯಲ್ಲಿ ನಡೆಯುತ್ತದೆ. ಇಷ್ಟು ಗೊತ್ತಿದ್ದರೆ ಧಾಟಿ ಬದಲಾಗುವ ಜಾಗ ಕಿವಿಗೆ ಸಿಗುತ್ತದೆ. ಕೇಳುವ ಸುಖವೆಲ್ಲ ಆ ತಿರುವಿನಲ್ಲೇ ಇದೆ.

ಸಾಮಾನ್ಯವಾಗಿ ರಾತ್ರಿ 9ರಿಂದ 9.30ರ ನಡುವೆ ಶುರು. ಮುಕ್ಕಾಲು ತಾಸು ಮುಂಚೆ ಹೋಗಿ, ಮೂಲೆಯ ಖಾಲಿ ಸ್ಟೂಲುಗಳನ್ನು ಬಿಟ್ಟು ಎರಡನೆಯ ಸುತ್ತಿನಲ್ಲಿ ಕೂಡಿ. ಆ ಸ್ಟೂಲುಗಳು ಬಾರಿಸುವವರಿಗೆ ಮೀಸಲು, ಮೇಲೆ ಚೀಟಿ ಇರದಿದ್ದರೂ. ಪಬ್ಬಿನ ಅಡುಗೆಮನೆ ಹಲವು ಕಡೆ 9ಕ್ಕೇ ಮುಚ್ಚುವುದರಿಂದ ಊಟ ಮುಗಿಸಿಕೊಂಡು ಹೋಗಿ. ಮದ್ಯ ಮುಟ್ಟದವರು ಸೋಡಾ, ಜ್ಯೂಸ್ ತೆಗೆದುಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಏನೂ ತೆಗೆದುಕೊಳ್ಳದೆ ಮೂರು ತಾಸು ಜಾಗ ಹಿಡಿಯುವುದು ಮಾತ್ರ ಸರಿಯಲ್ಲ. ಪ್ರವೇಶಕ್ಕೆ ದುಡ್ಡಿಲ್ಲ.

ಮಕ್ಕಳೊಂದಿಗೆ ಹೋಗುವವರು ಎಡವುವುದು ಕಾನೂನಿನಲ್ಲಿ. ಐರ್ಲೆಂಡಿನಲ್ಲಿ ರಾತ್ರಿ 9ರ ನಂತರ, ಮೇಯಿಂದ ಸೆಪ್ಟೆಂಬರ್‌ವರೆಗೆ 10ರ ನಂತರ, ಹದಿನೆಂಟು ತುಂಬದವರು ಬಾರಿನಲ್ಲಿ ಇರುವಂತಿಲ್ಲ. ಸೆಶನ್ ಕಾವೇರುವ ಹೊತ್ತಿಗೆ ನೀವು ಎದ್ದು ಹೋಗಬೇಕಾಗುತ್ತದೆ. ಅಂಥವರು ಶನಿವಾರ, ಭಾನುವಾರ ಮಧ್ಯಾಹ್ನದ ಸೆಶನ್ ಹುಡುಕಲಿ, ಇಲ್ಲವೆ ಐರಿಶ್ ಸಾಂಪ್ರದಾಯಿಕ ಸಂಗೀತಕ್ಕೆಂದು 1951ರಲ್ಲಿ ಹುಟ್ಟಿದ ಕೋಲ್ತಸ್ ಸಂಸ್ಥೆಯ ಸ್ಥಳೀಯ ಶಾಖೆಯನ್ನು ವಿಚಾರಿಸಲಿ. ಅದೇ ಸಂಸ್ಥೆ ಆಗಸ್ಟಿನಲ್ಲಿ ನಡೆಸುವ ಫ್ಲಾ ಉತ್ಸವದಲ್ಲಿ ಹಾಡು ಬೀದಿಗೇ ಬರುತ್ತದೆ. ಊರು ಬದಲಾಗುತ್ತಿರುತ್ತದೆ, ಆ ವರ್ಷದ್ದು ನೋಡಿಕೊಳ್ಳಿ. ಕ್ಲೇರ್ ಕೌಂಟಿಯ ಮಿಲ್‌ಟೌನ್ ಮಾಲ್ಬೆಯಲ್ಲಿ 1973ರಿಂದ ಜುಲೈ ಮೊದಲಲ್ಲಿ ನಡೆಯುವ ವಿಲ್ಲಿ ಕ್ಲಾನ್ಸಿ ಬೇಸಿಗೆ ಶಾಲೆಗೆ ಹೋಗುವುದಾದರೆ ರೂಮನ್ನು ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು. ತಪ್ಪಿದರೆ ಎನಿಸ್ ಅಥವಾ ಲಹಿಂಚ್‌ನಲ್ಲಿ ಉಳಿದು ಓಡಾಡಿ.

ಜೊತೆಗೆ ಚಪ್ಪಾಳೆ ತಟ್ಟುವುದು ಬೇಡ. ಮೈಕ್ ಇಲ್ಲದ ಕೂಟದಲ್ಲಿ ಒಬ್ಬರ ವಾದ್ಯ ಇನ್ನೊಬ್ಬರಿಗೆ ಕೇಳುವುದರ ಮೇಲೆಯೇ ಲಯ ನಿಂತಿರುತ್ತದೆ. ಕೋಣೆಯ ಆಚೆಯಿಂದ ತಡವಾಗಿ ಬರುವ ಚಪ್ಪಾಳೆ ಅದನ್ನು ಹಿಂದಕ್ಕೆ ಎಳೆಯುತ್ತದೆ. ಧಾಟಿಯ ಸುತ್ತು ಮುಗಿದ ಮೇಲೆ ತಟ್ಟಿ. ಯಾರಾದರೂ ಕಣ್ಣು ಮುಚ್ಚಿ ವಾದ್ಯವಿಲ್ಲದೆ ಐರಿಶ್ ಭಾಷೆಯಲ್ಲಿ ಹಾಡತೊಡಗಿದರೆ ಅದು ಶಾನ್-ನೋಸ್. ಆಗ ಗ್ಲಾಸು ಕೂಡ ಕೆಳಗಿಡಬೇಡಿ.

ಲಿಸ್ಬನ್, ಜೆರೆಸ್, ಬುಡಾಪೆಸ್ಟ್

ಪೋರ್ಚುಗಲ್ಲಿನ ಫಾದು ಗಾಯನವನ್ನು ಯುನೆಸ್ಕೊ 2011ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಮೇಲೆ ಲಿಸ್ಬನ್ನಿನ ಅಲ್ಫಾಮಾ, ಬೈರು ಆಲ್ತು ಓಣಿಗಳಲ್ಲಿ ಹೋಟೆಲಿಗೊಂದು ಬೋರ್ಡು ಕಾಣುತ್ತದೆ. ಅದರಲ್ಲಿ ಫಾದು ವಾದಿಯು ನಡೆಯುವ ತಾಸ್ಕಾ ಎಂಬ ಸಣ್ಣ ಊಟದಂಗಡಿಗಳನ್ನು ಆರಿಸಿಕೊಳ್ಳಿ. ಅಲ್ಲಿ ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರು ಮತ್ತು ಮಾಮೂಲಿ ಗಿಟಾರಿನವರು ಕಾಯಂ ಇರುತ್ತಾರೆ, ಹಾಡುವವರು ಮಾತ್ರ ಓಣಿಯ ಜನ. ದೀಪ ಸಣ್ಣದಾಯಿತೆಂದರೆ ಮಾತು ನಿಲ್ಲಬೇಕು. ಒಬ್ಬರು ಮೂರು ನಾಲ್ಕು ಹಾಡು ಹಾಡಿ ಕೂತ ಮೇಲೆ ವಿರಾಮ. ಊಟ ಹೇಳುವುದು, ಎದ್ದು ಹೋಗುವುದು ಎಲ್ಲ ಆಗಲೇ. ಹಾಡಿನ ನಡುವೆ ಬಂದರೆ ಬಾಗಿಲ ಹೊರಗೆ ನಿಲ್ಲಿ.

ದುಡ್ಡಿನ ಜಗಳ ಇಲ್ಲಿ ಹೆಚ್ಚು, ಕಾರಣ ಎರಡು. ತಲೆಗೆ ಕನಿಷ್ಠ ಇಷ್ಟು ಖರ್ಚು ಮಾಡಬೇಕೆಂಬ ನಿಯಮವಿರುತ್ತದೆ, ಅದನ್ನು ಕೂಡುವ ಮುಂಚೆ ಕೇಳಿ. ಕೇಳದೆ ತಂದಿಡುವ ಬ್ರೆಡ್, ಆಲಿವ್ ಕಾಯಿ ಪುಕ್ಕಟೆಯಲ್ಲ. ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ. ಸಸ್ಯಾಹಾರಿಗಳು ‘ಕಾಲ್ದು ವೆರ್ದ್’ ಎಂಬ ಹಸಿರು ಸೊಪ್ಪಿನ ಸಾರು ಕಂಡು ನಂಬಿಬಿಡುತ್ತಾರೆ. ಅದರಲ್ಲಿ ಹಂದಿಮಾಂಸದ ಸಾಸೇಜಿನ ಬಿಲ್ಲೆ ಹಾಕುವುದು ರೂಢಿ. ರಾಜಧಾನಿಯ ಗದ್ದಲ ಸಾಕಾದರೆ ದಕ್ಷಿಣದ ಅಲೆಂತೇಜು ಸೀಮೆಯ ಸೆರ್ಪಾಕ್ಕೆ ಹೋಗಿ. ಅಲ್ಲಿಯ ‘ಕಾಂತ್’ ವಾದ್ಯವಿಲ್ಲದ ಮೇಳಗಾಯನ: ಒಬ್ಬ ಎತ್ತಿಕೊಳ್ಳುತ್ತಾನೆ, ಇನ್ನೊಬ್ಬ ಮೇಲಿನ ದನಿಯಲ್ಲಿ ಹಿಡಿಯುತ್ತಾನೆ, ಉಳಿದವರೆಲ್ಲ ಕೂಡಿಕೊಳ್ಳುತ್ತಾರೆ. ಪೋರ್ಚುಗಲ್ಲಿನಲ್ಲಿ ಒಂದೇ ಹಾಡು ಕೇಳಲು ಸಮಯವಿದ್ದರೆ ಫಾದುಗಿಂತ ಇದನ್ನೇ ಕೇಳಬೇಕು.

ಸ್ಪೇನಿನಲ್ಲಿ ‘ತಬ್ಲಾವ್’ ಎಂಬ ಫ್ಲಮೆಂಕೊ ಪ್ರದರ್ಶನದ ಜಾಗ ಪ್ರವಾಸಿಗರಿಗೆ, ‘ಪೆನ್ಯಾ’ ಎಂಬ ಸಂಘ ಸದಸ್ಯರಿಗೆ. ಗ್ರಾನಡಾದ ಲಾ ಪ್ಲಾತೆರಿಯಾ ಪೆನ್ಯಾ 1949ರಿಂದ ನಡೆದುಬಂದಿದೆ, ಜೆರೆಸ್‌ನಲ್ಲಿ ಇಂಥವು ಹಲವಿವೆ. ಹೊರಗಿನವರನ್ನು ಬಿಡುವ ರಾತ್ರಿ ಯಾವುದೆಂದು ಮುಂಚೆ ಬರೆದು ಕೇಳಿ. ಬುಲೆರಿಯಾ ಎಂಬ ಫ್ಲಮೆಂಕೊ ಪ್ರಕಾರ ಹನ್ನೆರಡರ ಎಣಿಕೆಯಲ್ಲಿ ನಡೆಯುತ್ತದೆ, ಘಾತ ಬೀಳುವ ಜಾಗ ಗೊತ್ತಿಲ್ಲದೆ ಚಪ್ಪಾಳೆ ಸೇರಿಸಿದರೆ ಹಾಡುವವರೇ ತಿರುಗಿ ನೋಡುತ್ತಾರೆ.

ಮಕ್ಕಳಿದ್ದವರಿಗೆ ಹಂಗೇರಿ ಒಳ್ಳೆಯದು. 1972ರಲ್ಲಿ ಬುಡಾಪೆಸ್ಟಿನಲ್ಲಿ ಶುರುವಾದ ತಾಂತ್ಸ್‌ಹಾಜ್ ಎಂಬ ನೃತ್ಯಕೂಟಗಳಲ್ಲಿ ಮೊದಲು ಹೆಜ್ಜೆ ಕಲಿಸಿ ಆಮೇಲೆ ಕುಣಿಸುತ್ತಾರೆ. ಮಕ್ಕಳಿಗೆಂದೇ ಬೇರೆ ಹೊತ್ತಿನ ಕೂಟಗಳೂ ಇರುತ್ತವೆ. ಬುಡಾ ಕಡೆಯ ಫೊನೊ ಸಂಗೀತಮನೆಯ ಕಾರ್ಯಕ್ರಮ ಪಟ್ಟಿಯಿಂದ ಹುಡುಕಲು ಆರಂಭಿಸಿ. ಕುಣಿಯದವರು ‘ಕೊಂತ್ರಾ’ ಬಾರಿಸುವವನ ಹತ್ತಿರ ನಿಲ್ಲಲಿ. ಅವನ ಮೂರು ತಂತಿಯ ವಾದ್ಯದ ಕುದುರೆ ಚಪ್ಪಟೆ, ಬಿಲ್ಲು ಎಳೆದರೆ ಮೂರೂ ತಂತಿ ಒಟ್ಟಿಗೆ ನುಡಿಯುತ್ತವೆ. ಇಡೀ ಕುಣಿತದ ಲಯ ಅಲ್ಲಿಂದಲೇ ಹುಟ್ಟುತ್ತದೆ.

ಹತ್ತಿರದವು

ಯುರೋಪಿಗೆ ಹೋಗಲಾಗದವರಿಗೆ ನೇಪಾಳವಿದೆ. ವೀಸಾ ಬೇಡ, ಮತದಾರರ ಗುರುತಿನ ಚೀಟಿಯಿದ್ದರೂ ನಡೆಯುತ್ತದೆ. ಭಕ್ತಪುರ, ಪಾಟಣಗಳ ಗುಡಿಯ ಪಕ್ಕದ ಕಟ್ಟೆಗಳಲ್ಲಿ ಸಂಜೆ ನೇವಾರ ಹಿರಿಯರು ಹಳೆಯ ಹಸ್ತಪ್ರತಿ ಮುಂದಿಟ್ಟುಕೊಂಡು ಮದ್ದಳೆ, ತಾಳದೊಂದಿಗೆ ದಾಫಾ ಹಾಡುತ್ತಾರೆ. ಎಲ್ಲ ಗುಂಪೂ ನಿತ್ಯ ಕೂಡುವುದಿಲ್ಲ, ಹಗಲಲ್ಲೇ ಕಟ್ಟೆಯ ಪಕ್ಕದ ಅಂಗಡಿಯವರನ್ನು ಕೇಳಿಡಿ. ಬಾಲಿಯಲ್ಲಿ ಬಹುತೇಕ ಗುಡಿಗಳ ಉತ್ಸವ 210 ದಿನಗಳ ಪಂಚಾಂಗದ ಪ್ರಕಾರ ಬರುತ್ತದೆ, ಒಂದೊಂದು ಗುಡಿಗೆ ಒಂದೊಂದು ದಿನ. ನೀವು ಉಳಿದುಕೊಂಡ ಮನೆಯ ಯಜಮಾನರನ್ನು ಕೇಳಿ, ಪಂಚೆ ಸುತ್ತಿ, ನಡುಪಟ್ಟಿ ಕಟ್ಟಿಕೊಂಡು ಹೋದರೆ ಪೂರ್ತಿ ಗಮೆಲಾನ್ ವಾದ್ಯಮೇಳವನ್ನು ಪುಕ್ಕಟೆ ಕೇಳಬಹುದು.

ಕೊಲ್ಲಿಯಲ್ಲಿ ಕೆಲಸದಲ್ಲಿರುವವರು ಬಹರೇನಿನ ಮುಹರ್ರಕ್‌ನಲ್ಲಿ ಫಿಜಿರಿ ವಿಚಾರಿಸಿ. ಮುತ್ತು ತೆಗೆಯುವವರ ಈ ಹಾಡಿಗೆ ಚರ್ಮವಾದ್ಯ, ಚಪ್ಪಾಳೆ ಮತ್ತು ಜಹ್ಲಾ ಎಂಬ ಮಣ್ಣಿನ ಗಡಿಗೆಯಷ್ಟೇ ಸಾಥಿ. ಯುಎಇಯಲ್ಲಿ ಡಿಸೆಂಬರ್ 2ರ ರಾಷ್ಟ್ರೀಯ ದಿನದಂದು ಎರಡು ಸಾಲು ಎದುರುಬದುರು ನಿಂತು ಬೆತ್ತ ಹಿಡಿದು ಹಾಡುವ ಅಯ್ಯಾಲಾ ಸಾರ್ವಜನಿಕವಾಗಿ ಸಿಗುತ್ತದೆ. ಅಮೆರಿಕದಲ್ಲಿರುವವರಿಗೆ ವರ್ಜೀನಿಯಾದ ಫ್ಲಾಯ್ಡ್‌ನಲ್ಲಿ ಶುಕ್ರವಾರ ರಾತ್ರಿ, ಲೂಸಿಯಾನಾದ ಯೂನಿಸ್‌ನಲ್ಲಿ ಶನಿವಾರ ಬೆಳಗ್ಗೆ ಊರಿನವರ ಸಂಗೀತಕೂಟ ಸಿಗುತ್ತದೆ.

ಹಾಡೆಂದರೆ, ರೆಕಾರ್ಡ್ ಮಾಡಬೇಕೆಂದರೆ

ದೂರದಿಂದ ಬಂದವರೆಂದು ತಿಳಿದರೆ ಐರ್ಲೆಂಡಿನಲ್ಲಿ, ನೇಪಾಳದಲ್ಲಿ “ನಿಮ್ಮ ಕಡೆಯದೊಂದು ಹಾಡಿ” ಎನ್ನುವುದುಂಟು. ವಾದ್ಯವಿಲ್ಲದೆ ಹಾಡಬಲ್ಲ ಒಂದು ತತ್ವಪದವನ್ನೋ ರಿವಾಯತ್ ಪದವನ್ನೋ ಮೊದಲೇ ಕಂಠಪಾಠ ಮಾಡಿಡಿ: ಪಲ್ಲವಿ, ಎರಡು ನುಡಿ, ಮೂರು ನಿಮಿಷ. ಶ್ರುತಿಯನ್ನು ಮಾಮೂಲಿಗಿಂತ ತುಸು ಕೆಳಗೆ ಹಿಡಿಯಿರಿ, ಹೊಸ ಜಾಗದಲ್ಲಿ ದನಿ ತಾನಾಗಿ ಏರುತ್ತದೆ. ಮೊಬೈಲಿನ ಟ್ರ್ಯಾಕ್ ಹಾಕಬೇಡಿ. ಕರೆಯದೆ ದಮ್ಮಡಿ ತೆಗೆಯಬೇಡಿ, ಎಷ್ಟೇ ಚೆನ್ನಾಗಿ ಬಾರಿಸಿದರೂ.

ರೆಕಾರ್ಡಿಂಗಿಗೆ ಶುರುವಾಗುವ ಮುಂಚೆ ಮುಖ್ಯಸ್ಥರಲ್ಲಿ ಅನುಮತಿ ಕೇಳಿ, ಫ್ಲ್ಯಾಶ್ ಆರಿಸಿ, ಮೊಬೈಲ್ ತೊಡೆಯ ಮೇಲಿಟ್ಟು ದನಿ ಮಾತ್ರ ಹಿಡಿಯಿರಿ. ಲೈವ್ ಬಿಡುವುದು ಬೇಡ. ಟೋಪಿ ಅಥವಾ ತಟ್ಟೆ ಸುತ್ತು ಬಂದರೆ ಹಾಕಲು ಚಿಲ್ಲರೆ ನೋಟು ಜೇಬಿನಲ್ಲಿರಲಿ.

ಮರಳುವ ದಾರಿಯನ್ನು ಮಧ್ಯಾಹ್ನವೇ ನೋಡಿಡಿ. ಲಿಸ್ಬನ್ನಿನ ಮೆಟ್ರೊ ರಾತ್ರಿ 1ರವರೆಗೆ, ಬುಡಾಪೆಸ್ಟಿನ 6ನೇ ನಂಬರ್ ಟ್ರಾಮ್ ರಾತ್ರಿಯಿಡೀ ಓಡುತ್ತದೆ. ಮಿಲ್‌ಟೌನ್ ಮಾಲ್ಬೆ, ಸೆರ್ಪಾದಂಥ ಸಣ್ಣ ಊರುಗಳಲ್ಲಿ ನಡೆದು ಮುಟ್ಟುವಷ್ಟು ಹತ್ತಿರದಲ್ಲೇ ರೂಮು ಮಾಡಬೇಕು. ಏಳುವ ಮುಂಚೆ, ವಿರಾಮದಲ್ಲಿ ಬಾರಿಸುವವರನ್ನು “ನಾಳೆ ಎಲ್ಲಿ ಕೂಡುತ್ತೀರಿ?” ಎಂದು ಕೇಳಿ, ಜಾಗದ ಹೆಸರನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ. ಯಾವ ಜಾಲತಾಣದ ಪಟ್ಟಿಯೂ ಆ ಚೀಟಿಯಷ್ಟು ಖಚಿತವಿರುವುದಿಲ್ಲ.